ಬಡಾವಣೆಯ ನಕ್ಷೆ ನಾವೇ ಮಾಡೋದಾದ್ರೆ ಎಲ್ಲಿಂದ ಶುರು ಮಾಡೋದು? (ಬೀದಿದೀಪ, ಚರಂಡಿ, ಫುಟ್‌ಪಾತ್)

ಮೂರನೇ_ತಿರುವು:
ಎಲ್ಲರಿಗೂ ನಮಸ್ಕಾರ. ಒಂದೂವರೆ ಕಿ.ಮೀ. ಉದ್ದ, ಒಂದು ಕಿ.ಮೀ. ಅಗಲದ ಬಡಾವಣೆ. ಇಪ್ಪತ್ತು ಜನ ಸ್ವಯಂಸೇವಕರಿದ್ದಾರೆ, ಎಲ್ಲರ ಹತ್ರಾನೂ ಸ್ಮಾರ್ಟ್‌ಫೋನ್ ಇದೆ, ಎರಡು ವಾರಾಂತ್ಯ ಸಿಗುತ್ತೆ. ಬೀದಿದೀಪದ ಕಂಬ, ಚರಂಡಿ, ಮ್ಯಾನ್‌ಹೋಲ್, ಫುಟ್‌ಪಾತ್ ಒಡೆದಿರೋ ಕಡೆ, ಸಾರ್ವಜನಿಕ ನಲ್ಲಿ, ಕಸ ಸುರಿಯೋ ಜಾಗ, ಇಷ್ಟೂ ನಕ್ಷೆಗೆ ತರಬೇಕು.

ಸದ್ಯದ ಯೋಜನೆ: ಒಂದು ಗೂಗಲ್ ಫಾರ್ಮ್, ಅದರಲ್ಲಿ ಲೊಕೇಶನ್ ಲಿಂಕ್ ಅಂಟಿಸೋಕೆ ಒಂದು ಜಾಗ, ಜೊತೆಗೆ ಫೋಟೋ. ಆಮೇಲೆ ಎಲ್ಲಾನೂ ಶೀಟ್‌ಗೆ ಇಳಿಸಿ ನಕ್ಷೆ ಮೇಲೆ ಹಾಕೋದು. ಮುಂದೆ ಡ್ರೋನ್ ಚಿತ್ರ, ಗಾಳಿ ಗುಣಮಟ್ಟದ ಸೆನ್ಸರ್‌ಗಳನ್ನೂ ಸೇರಿಸೋ ಆಸೆ ಇದೆ. ಎಲ್ಲಿ ಎಡವ್ತೀವಿ ಅಂತ ಗೊತ್ತಿರೋರು ದಯವಿಟ್ಟು ಈಗಲೇ ಹೇಳಿ.

ನಕ್ಷೆಪೆಟ್ಟಿಗೆ:
ಲೊಕೇಶನ್ ಲಿಂಕ್ ಅಂಟಿಸೋದನ್ನ ಮೊದಲು ಕೈಬಿಡಿ. ಚಿಕ್ಕದಾಗಿಸಿದ ಲಿಂಕ್‌ನಲ್ಲಿ ಅಕ್ಷಾಂಶ ರೇಖಾಂಶ ಇರೋದೇ ಇಲ್ಲ, ಒಂದೊಂದನ್ನೂ ತೆರೆದು ನೋಡಬೇಕು. ಉದ್ದದ ಲಿಂಕ್‌ನಲ್ಲಿ ಇರೋ ಸಂಖ್ಯೆ ಕೆಲವು ಸಲ ಪಿನ್‌ದಲ್ಲ, ಪರದೆಯ ನಡುಮಧ್ಯದ್ದು. ಮನೆಗೆ ಹೋದಮೇಲೆ ನೆನಪಿಂದ ಅಂಟಿಸೋರೂ ಇರ್ತಾರೆ. ಆರುನೂರು ಸಾಲು ಬಂದಮೇಲೆ ಯಾವುದು ಸರಿ ಯಾವುದು ತಪ್ಪು ಅಂತ ಬೇರ್ಪಡಿಸೋಕೆ ದಾರಿಯೇ ಇರಲ್ಲ.

ಓಡಿಕೆ (ODK) ಅಥವಾ ಕೋಬೋ ಟೂಲ್‌ಬಾಕ್ಸ್ ತಗೊಳ್ಳಿ, ಎರಡೂ ಫೋನಿನಲ್ಲಿ ಸರ್ವೇ ಫಾರ್ಮ್ ತುಂಬೋ ತಂತ್ರಾಂಶ. ಎರಡಕ್ಕೂ ಎಕ್ಸ್‌ಎಲ್‌ಎಸ್ ಫಾರ್ಮ್ ಅನ್ನೋ ಒಂದೇ ರೀತಿಯ ಎಕ್ಸೆಲ್ ಕಡತ ಸಾಕು. ಒಂದು ಹಾಳೆಯಲ್ಲಿ ಪ್ರಶ್ನೆಗಳು, ಇನ್ನೊಂದರಲ್ಲಿ ಉತ್ತರದ ಆಯ್ಕೆಗಳು, ಮೂರನೇದರಲ್ಲಿ ಫಾರ್ಮಿನ ಹೆಸರು, ಆವೃತ್ತಿ. ಸ್ಥಳಕ್ಕೆ 'ಜಿಯೋಪಾಯಿಂಟ್' ಪ್ರಶ್ನೆ ಇಟ್ಟರೆ ಫೋನೇ ಅಕ್ಷಾಂಶ, ರೇಖಾಂಶ, ಎತ್ತರ, ನಿಖರತೆ ನಾಲ್ಕನ್ನೂ ಬರೆದುಕೊಳ್ಳುತ್ತೆ. ಓಡಿಕೆಯಲ್ಲಿ ನಿಖರತೆ 5 ಮೀಟರಿಗೆ ಬಂದ ತಕ್ಷಣ ತಾನೇ ಸ್ಥಳ ಹಿಡಿಯುತ್ತೆ, ಆ ಮಿತಿಯನ್ನ ನೀವು ಬದಲಾಯಿಸಬಹುದು. ಇಂಟರ್‌ನೆಟ್ ಇಲ್ಲದಿದ್ದರೂ ಕೆಲಸ ನಡೆಯುತ್ತೆ, ಸಂಜೆ ವೈಫೈ ಸಿಕ್ಕಾಗ ಕಳಿಸಿದರಾಯ್ತು. ಫೋಟೋ ಪ್ರಶ್ನೆಗೆ ಪಿಕ್ಸೆಲ್ ಮಿತಿ 1024 ಅಂತ ಹಾಕೋದು ಮರೀಬೇಡಿ. ಇಲ್ಲಾಂದ್ರೆ ಒಂದೊಂದು ಫೋಟೋ ನಾಲ್ಕೈದು ಎಂಬಿ ಆಗಿ, ಕಳಿಸೋವಾಗ ಅರ್ಧಕ್ಕೇ ನಿಲ್ಲುತ್ತೆ.

ದಾರಿಹೋಕ:
ಉಪಕರಣದ ಮಾತು ಆಮೇಲಾಗಲಿ. ಈ ನಕ್ಷೆ ನೋಡಿ ಯಾರು ಏನು ಮಾಡಬೇಕು? ಪಟ್ಟಿಯಲ್ಲಿ ಆರು ವಸ್ತು ಇವೆ, ಆರಕ್ಕೂ ಉತ್ತರ ಬೇರೆ. ದೀಪ ರಿಪೇರಿ ಮಾಡೋರಿಗೆ ಕಂಬದ ಸಂಖ್ಯೆ ಬೇಕು. ಚರಂಡಿಯವರಿಗೆ ನೀರು ಯಾವ ಕಡೆ ಹರಿಯುತ್ತೆ ಅನ್ನೋದು ಬೇಕು. ಕಸದ ರಾಶಿ ನಾಳೆ ಅಲ್ಲಿರಲ್ಲ. ಎಲ್ಲದಕ್ಕೂ ಒಂದೇ ಫಾರ್ಮ್ ಅಂದ್ರೆ ಯಾವುದಕ್ಕೂ ಸಾಲದ ಫಾರ್ಮ್ ಆಗುತ್ತೆ.

ಕಂಬಸಂಖ್ಯೆ:
+1. ದೀಪದ ಬಗ್ಗೆ ವಿವರವಾಗಿ ಹೇಳ್ತೀನಿ, ಹೆಚ್ಚಿನವರು ಕೆಡಿಸೋದು ಇಲ್ಲೇ.

ಹಗಲಲ್ಲಿ ಸರ್ವೇ ಮಾಡಿದರೆ ದೀಪ ಉರಿಯುತ್ತಾ ಇಲ್ವಾ ಗೊತ್ತಾಗಲ್ಲ. ರಾತ್ರಿ ಮಾಡಿದರೆ ಕಂಬದ ಮೇಲಿನ ಸಂಖ್ಯೆ ಓದೋಕೆ ಆಗಲ್ಲ, ಫೋಟೋನೂ ಬರಲ್ಲ. ಅದಕ್ಕೆ ಎರಡು ಸುತ್ತು ಬೇಕು. ಹಗಲಿನ ಸುತ್ತಲ್ಲಿ ಸ್ಥಳ, ಕಂಬದ ಸಂಖ್ಯೆ, ದೀಪದ ಬಗೆ, ಕಂಬ ಯಾವ ಬದಿ. ರಾತ್ರಿ ಸುತ್ತಲ್ಲಿ ಅದೇ ಪಟ್ಟಿ ಹಿಡಿದು ಮೂರೇ ಆಯ್ಕೆ: ಉರೀತಿದೆ, ಉರೀತಿಲ್ಲ, ಮಿಣುಕ್ತಿದೆ. ಕಂಬಕ್ಕೆ ಸಂಖ್ಯೆ ಇಲ್ಲದಿದ್ದರೆ ನೀವೇ ಒಂದು ಕೊಡಿ, ಅಡ್ಡರಸ್ತೆಯ ಗುರುತು ಮತ್ತು ಕ್ರಮಸಂಖ್ಯೆ ಸೇರಿಸಿ. ಮಧ್ಯೆ ಅಡ್ಡಗೆರೆ ಮಾತ್ರ ಬೇಡ. 12-4 ಅಂತ ಬರೆದರೆ ಎಕ್ಸೆಲ್ ಅದನ್ನ ತಾರೀಖು ಮಾಡಿಬಿಡುತ್ತೆ, ಆಮೇಲೆ ಮೂಲ ಸಂಖ್ಯೆ ವಾಪಸ್ ಸಿಗಲ್ಲ. ಆರ್12ಕೆ04 (12ನೇ ಅಡ್ಡರಸ್ತೆ, 4ನೇ ಕಂಬ) ಅಂತ ಬರೀರಿ. 04ರಲ್ಲಿರೋ ಸೊನ್ನೆ ಬಿಡಬೇಡಿ, ಅದಿಲ್ಲದಿದ್ರೆ 10 ಬಂದು 2ರ ಮುಂದೆ ಕೂರುತ್ತೆ.

ಇನ್ನೊಂದು, 'ಸ್ಥಿತಿ: ಚೆನ್ನಾಗಿದೆ / ಸುಮಾರು / ಕೆಟ್ಟಿದೆ' ಅನ್ನೋ ಪ್ರಶ್ನೆ ಇಡಲೇಬೇಡಿ. ಒಬ್ಬರ ಸುಮಾರು ಇನ್ನೊಬ್ಬರಿಗೆ ಕೆಟ್ಟದ್ದು. ಕಣ್ಣಿಗೆ ಕಾಣೋದನ್ನ ಕೇಳಿ: ಕಂಬ ವಾಲಿದೆಯಾ, ತಂತಿ ಹೊರಗೆ ಬಂದಿದೆಯಾ, ದೀಪದ ಗಾಜು ಇದೆಯಾ. ಹೌದು, ಇಲ್ಲ, ಕಾಣಿಸಲಿಲ್ಲ. ಆ 'ಕಾಣಿಸಲಿಲ್ಲ' ಇರಲೇಬೇಕು, ಇಲ್ಲದಿದ್ರೆ ಜನ ಊಹೆ ಮಾಡಿ 'ಇಲ್ಲ' ಒತ್ತುತ್ತಾರೆ.

ಮೂರನೇ_ತಿರುವು:
ಎರಡು ಸುತ್ತಿನ ವಿಚಾರ ಹೊಳೆದೇ ಇರಲಿಲ್ಲ, ಧನ್ಯವಾದ. ನಿಖರತೆ 5 ಮೀಟರ್ ಅಂದ್ರಲ್ಲ, ರಸ್ತೆಯೇ 6 ಮೀಟರ್ ಅಗಲ ಇದ್ದರೆ? ಎಡಗಡೆ ಕಂಬ ಬಲಗಡೆಗೆ ಹೋಗಲ್ವಾ?

ನಕ್ಷೆಪೆಟ್ಟಿಗೆ:
ಹೋಗುತ್ತೆ. ಬಯಲಲ್ಲಿ ನಿಂತಾಗ ಫೋನಿನ ಜಿಪಿಎಸ್ ಸಾಮಾನ್ಯವಾಗಿ 4.9 ಮೀಟರ್ ತ್ರಿಜ್ಯದೊಳಗೆ ಇರುತ್ತೆ. ಎರಡೂ ಕಡೆ ನಾಲ್ಕು ಮಹಡಿ ಕಟ್ಟಡ ಇದ್ದರೆ ಸಿಗ್ನಲ್ ಗೋಡೆಗೆ ಬಡಿದು ಬರುತ್ತೆ, ಆ ಹೆಚ್ಚುವರಿ ದೂರವನ್ನ ಫೋನು ನಿಜ ಅಂತ ನಂಬಿ ನಿಮ್ಮನ್ನ ಪಕ್ಕದ ರಸ್ತೆಗೆ ತಳ್ಳುತ್ತೆ. ಆಂಡ್ರಾಯ್ಡ್ ತೋರಿಸೋ '5 ಮೀ.' ಕೂಡ ಖಾತ್ರಿ ಅಲ್ಲ. ನಿಜವಾದ ಜಾಗ ಆ ವೃತ್ತದೊಳಗೆ ಇರೋ ಸಾಧ್ಯತೆ ಶೇ. 68 ಅಂತಷ್ಟೇ ಅದರ ಅರ್ಥ. ಮೂರರಲ್ಲಿ ಒಂದು ಹೊರಗೇ ಇರುತ್ತೆ.

ಅದಕ್ಕೇ ಜಿಪಿಎಸ್ಸನ್ನ ಸುಮಾರು ಜಾಗ ತಿಳಿಯೋಕೆ ಮಾತ್ರ ಬಳಸಿ. ಫಾರ್ಮ್‌ನಲ್ಲಿ 'ಪ್ಲೇಸ್‌ಮೆಂಟ್ ಮ್ಯಾಪ್' ಅನ್ನೋ ತೋರಿಕೆ ಆರಿಸಿದರೆ ಬೆರಳಲ್ಲಿ ಪಿನ್ ಎಳೆದು ಉಪಗ್ರಹ ಚಿತ್ರದ ಮೇಲೆ ಸರಿಯಾದ ಬದಿಗೆ ಇಡಬಹುದು. ಜೊತೆಗೆ 'ರಸ್ತೆಯ ಯಾವ ಬದಿ' ಅನ್ನೋ ಪ್ರಶ್ನೆ ಬೇರೆಯಾಗಿ ಇರಲಿ. ಎಡ-ಬಲ ಬೇಡ, ಅದು ನಡೆಯೋ ದಿಕ್ಕಿನ ಮೇಲೆ ಬದಲಾಗುತ್ತೆ. ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತಲೇ ಕೇಳಿ.

ದಾರಿಹೋಕ:
ಉಪಗ್ರಹ ಚಿತ್ರವನ್ನೂ ಕಣ್ಣುಮುಚ್ಚಿ ನಂಬಬೇಡಿ. ಚಿತ್ರವೇ ಕೆಲವು ಮೀಟರ್ ಸರಿದಿರುತ್ತೆ. ಎತ್ತರದ ಕಟ್ಟಡ ಓರೆಯಾಗಿ ಕಾಣೋದ್ರಿಂದ ಚಾವಣಿ ಒಂದು ಕಡೆ, ಬುಡ ಇನ್ನೊಂದು ಕಡೆ ಬೀಳುತ್ತೆ. ಗೆರೆ ಎಳೆಯೋವಾಗ ಬುಡವನ್ನ ಹಿಡೀರಿ. ಎಲ್ಲರೂ ಒಂದೇ ಮೂಲದ ಚಿತ್ರ ಬಳಸಿ, ಇಬ್ಬರು ಎರಡು ಬಗೆಯ ಚಿತ್ರದ ಮೇಲೆ ಗುರುತು ಮಾಡಿದರೆ ಒಂದಕ್ಕೊಂದು ಕೂಡಲ್ಲ.

ನೀರುಹಾದಿ:
ಚರಂಡಿ ವಿಷಯಕ್ಕ ಬರ್ತೀನ್ರಿ. ಚರಂಡಿ ಅಂದ್ರ ಬಿಂದು ಅಲ್ಲ, ಗೆರಿ. ಅದೂ ದಿಕ್ಕು ಇರೋ ಗೆರಿ. ನಕ್ಷಾದಾಗ ಮೇಲಿಂದ ಕೆಳಗ, ನೀರು ಹರಿಯೋ ಕಡೆಗೇ ಎಳೀಬೇಕು. ಎರಡು ಗೆರಿ ಕೂಡೋ ಜಾಗಾದಾಗ ತುದಿಗೆ ತುದಿ ನಿಜವಾಗಿ ಅಂಟಿರಬೇಕು. ಕಣ್ಣಿಗೆ ಅಂಟಿದಂಗ ಕಾಣ್ತದ, ಹಿಗ್ಗಿಸಿ ನೋಡಿದ್ರ ಅರ್ಧ ಮೀಟರ್ ಸಂದು ಇರ್ತದ. ಆಗ 'ಇಲ್ಲಿ ಕಟ್ಟಿಕೊಂಡ್ರ ಮ್ಯಾಲ ಯಾವ ಓಣಿ ತುಂಬ್ತಾವ' ಅಂತ ಕೇಳಿದ್ರ ಕಂಪ್ಯೂಟರ್ ಸುಮ್ಮನ ಖಾಲಿ ಉತ್ತರ ಕೊಡ್ತದ. ಕ್ಯೂಜಿಐಎಸ್ (ನಕ್ಷಾ ಮಾಡೋ ಉಚಿತ ತಂತ್ರಾಂಶ) ಒಳಗ ಸ್ನ್ಯಾಪಿಂಗ್, ಅಂದ್ರ ಹತ್ತಿರದ ತುದಿಗೆ ತಾನ ಅಂಟಿಸೋ ಸೌಲಭ್ಯ, ಆನ್ ಮಾಡ್ರಿ, 10-12 ಪಿಕ್ಸೆಲ್ ಸಾಕು. ಮುಗಿದ ಮ್ಯಾಲ ಟೋಪಾಲಜಿ ಚೆಕರ್ ಓಡಿಸಿ, ಯಾವುದಕ್ಕೂ ಅಂಟದ ತೂಗಾಡೋ ತುದಿ ಎಷ್ಟಾವ ನೋಡ್ರಿ.

ಪ್ರತಿ ಮ್ಯಾನ್‌ಹೋಲಿಗೆ ಎರಡು ಅಳತಿ: ಮುಚ್ಚಳದಿಂದ ತಳಕ್ಕ ಎಷ್ಟು ಆಳ, ಹೂಳು ಎಷ್ಟು ಸೆಂ.ಮೀ. ಗುರುತು ಹಾಕಿದ ಕೋಲು ಮ್ಯಾಲಿಂದ ಇಳಿಬಿಟ್ಟು ನೋಡೋದು ಅಷ್ಟೇ. ಯಾರೂ ಒಳಗ ಇಳೀಬಾರದು, ತಲಿ ಬಗ್ಗಿಸೋದೂ ಬ್ಯಾಡ. ಒಳಗಿನ ವಿಷಗಾಳಿಗೆ ಕ್ಷಣದಾಗ ಎಚ್ಚರ ತಪ್ತದ. ಮುಚ್ಚಳ ತೆಗೆಯೋದು ಅದರ ಕೆಲಸದವರು, ಅವರಿಲ್ಲದ ದಿನ ಆ ಎರಡು ಕಾಲಂ ಖಾಲಿ ಬಿಡ್ರಿ.

ಗಾಳಿಪಟ:
ಇಳಿಜಾರಿಗೆ ಉಪಗ್ರಹದ ಎತ್ತರದ ಡೇಟಾ ಉಚಿತವಾಗಿ ಸಿಗುತ್ತಲ್ಲ? ಎಸ್‌ಆರ್‌ಟಿಎಂ ಇಳಿಸಿಕೊಂಡು ನೀರು ಎಲ್ಲಿ ನಿಲ್ಲುತ್ತೆ ಅಂತ ಕ್ಯೂಜಿಐಎಸ್‌ನಲ್ಲೇ ಲೆಕ್ಕ ಹಾಕಬಹುದು.

ನೀರುಹಾದಿ:
ಬಡಾವಣಿ ಮಟ್ಟಕ್ಕ ಅದು ಆಗೂದಿಲ್ಲ. ಎಸ್‌ಆರ್‌ಟಿಎಂ 2000ನೇ ಇಸವಿ ಫೆಬ್ರುವರಿಯಾಗ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಿಡಿದು ಅಳೆದದ್ದು. ಒಂದು ಚೌಕ 30 ಮೀಟರ್, ಅದರಾಗ ಇಡೀ ಓಣಿ ಮುಳುಗಿ ಹೋಗ್ತದ. ಎತ್ತರದ ತಪ್ಪಿಗೆ ಅದರ ವಿನ್ಯಾಸದಾಗ ಇಟ್ಟ ಮಿತಿನೇ 16 ಮೀಟರ್. ಗಿಡದ ತುದಿ, ಮನಿ ಚಾವಣಿ ಎಲ್ಲಾ ನೆಲದ ಲೆಕ್ಕಕ್ಕ ಸೇರ್ತಾವ. ಚರಂಡಿ ಇಳಿಜಾರು 200ಕ್ಕ 1 ಅಂದ್ರ 10 ಮೀಟರಿಗೆ ಬರೀ 5 ಸೆಂ.ಮೀ. ನೋಡ್ರಿ. ದೊಡ್ಡ ನದಿ ಕಣಿವಿಗೆ ಛಲೋ ಡೇಟಾ ಅದು, ಓಣಿ ಚರಂಡಿಗೆ ಅಲ್ಲ.

ಮೇಸ್ತ್ರಿಗಳು ಮಟ್ಟ ನೋಡೋ ನೀರಿನ ಟ್ಯೂಬ್ ಸಾಕು. ಪಾರದರ್ಶಕ ಪೈಪು 10 ಮೀಟರ್, ಎರಡು ತುದಿಗೆ ಎರಡು ಅಳತಿ ಕೋಲು. ನೀರಿನ ಮಟ್ಟ ಎರಡೂ ಕಡೆ ಓದಿದ್ರ ವ್ಯತ್ಯಾಸವೇ ನೆಲದ ಏರಿಳಿತ. ಒಳಗ ಗಾಳಿಗುಳ್ಳಿ ಉಳಿದ್ರ ಓದಿದ್ದು ಸುಳ್ಳಾಗ್ತದ, ಎರಡೂ ಬಾಯಿ ತೆರೆದಿರಬೇಕು. ಒಂದು ಸುತ್ತು ಹಾಕಿ ಶುರು ಮಾಡಿದ ಜಾಗಕ್ಕ ವಾಪಸ್ ಬರ್ರಿ. ಏರಿಳಿತ ಕೂಡಿಸಿದ್ರ ಸೊನ್ನಿ ಬರಬೇಕು, ಎಷ್ಟು ಬಂತೋ ಅಷ್ಟು ನಿಮ್ಮ ತಪ್ಪು.

ಅದೂ ಬ್ಯಾಡಂದ್ರ ದೊಡ್ಡ ಮಳಿ ನಿಂತ ತಕ್ಷಣ ಹೋಗಿ, ನೀರು ನಿಂತ ಅಂಚನ್ನ ಕಾಗದದ ನಕ್ಷಾ ಮ್ಯಾಲ ಗೆರಿ ಹಾಕ್ರಿ. ಆಳ, ಗಂಟಿ ಬರೀರಿ. ಮೂರು ಮಳಿಗೆ ಹಂಗ ಮಾಡಿದ್ರ ಯಾವ ಮಾದರಿಗಿಂತ ನಂಬಿಗಸ್ತ ಪದರ ಸಿಗ್ತದ.

ಗಾಳಿಪಟ:
ಸರಿ, ಒಪ್ಪಿದೆ. ಡ್ರೋನ್‌ನಿಂದಾದರೂ ಎತ್ತರ ಸಿಗುತ್ತಲ್ಲ? ಡ್ರೋನ್ ಚಿತ್ರಗಳನ್ನ ಜೋಡಿಸಿ ನಕ್ಷೆ ಮಾಡೋ ಓಪನ್‌ಡ್ರೋನ್‌ಮ್ಯಾಪ್ ಉಚಿತ.

ನಕ್ಷೆಪೆಟ್ಟಿಗೆ:
ಸಿಗುತ್ತೆ, ಆದ್ರೆ ಷರತ್ತುಗಳಿವೆ. ಹಾರುವ ದಿಕ್ಕಲ್ಲಿ ಚಿತ್ರಗಳು ಒಂದರ ಮೇಲೊಂದು ಶೇ. 75-80, ಪಕ್ಕದ ಸಾಲಿಗೆ ಶೇ. 65-70 ಹೊಂದಿಕೊಂಡು ಬರಬೇಕು. ಕಡಿಮೆಯಾದರೆ ಮರಗಳಿರೋ ಕಡೆ ನಕ್ಷೆ ಕರಗಿದ ಹಾಗೆ ಕಾಣುತ್ತೆ. ನೆಲದ ಮೇಲೆ ಗುರುತು ಹಾಕಿ ನಿಖರವಾಗಿ ಅಳೆದ ಬಿಂದು ಕನಿಷ್ಠ ಐದು ಬೇಕು, ನಾಲ್ಕು ಮೂಲೆಗೆ ಮತ್ತು ನಡುವೆ. ಅವಿಲ್ಲದಿದ್ರೆ ಇಡೀ ಮೇಲ್ಮೈ ಬೋಗುಣಿ ಥರ ಬಾಗುತ್ತೆ, ಚರಂಡಿಯ ಇಳಿಜಾರಿಗೆ ಆ ಬಾಗೇ ಸಾಕು ಲೆಕ್ಕ ತಲೆಕೆಳಗಾಗೋಕೆ. ಆ ಐದು ಬಿಂದು ಅಳೆಯೋಕೆ ಫೋನ್ ಸಾಲಲ್ಲ, ಸೆಂಟಿಮೀಟರ್ ಮಟ್ಟಕ್ಕೆ ಸ್ಥಳ ಹೇಳೋ ಆರ್‌ಟಿಕೆ ಸಾಧನ ಬೇಕು. ಹಾರಿಸೋಕೆ ಅನುಮತಿ ಬೇರೆ. ಚಾವಣಿ, ಹಿತ್ತಲು ಎಲ್ಲಾ ಸೆರೆಯಾಗುತ್ತೆ, ಅಲ್ಲಿರೋರ ಒಪ್ಪಿಗೆ ಇರಲ್ಲ. ಮೇಲಿನ ಆರು ವಸ್ತುವಿನಲ್ಲಿ ಯಾವುದಕ್ಕೂ ಡ್ರೋನ್ ಅಗತ್ಯ ಇಲ್ಲ.

ಗಾಳಿ ಸೆನ್ಸರ್ ಕೂಡ ಈಗಲೇ ಬೇಡ. ಕಡಿಮೆ ಬೆಲೆಯವು ಲೇಸರ್ ಬೆಳಕು ಕಣಕ್ಕೆ ತಾಗಿ ಚದುರೋದನ್ನ ಎಣಿಸುತ್ತವೆ. ತೇವ ಹೆಚ್ಚಾದಾಗ ಕಣ ನೀರು ಹೀರಿ ಉಬ್ಬುತ್ತೆ, ಮಂಜು ಬಿದ್ದರೂ ಮಾಲಿನ್ಯ ಅಂತ ತೋರಿಸುತ್ತೆ. ಪ್ರಮಾಣಿತ ಮಾಪನ ಕೇಂದ್ರದ ಪಕ್ಕ ಒಂದೆರಡು ವಾರ ಇಟ್ಟು ಹೋಲಿಸಿ ತಿದ್ದಿಕೊಳ್ಳದೆ ಆ ಅಂಕಿಯನ್ನ ನಕ್ಷೆಗೆ ಹಾಕೋದು ತಪ್ಪು.

ಛೇದ:
ಕಸ ಮತ್ತು ದೂರುಗಳ ವಿಷಯಕ್ಕೆ ಒಂದು ಎಚ್ಚರಿಕೆ. ದೂರು ಎಲ್ಲಿ ಜಾಸ್ತಿ ಬಂತೋ ಅಲ್ಲೇ ಸಮಸ್ಯೆ ಜಾಸ್ತಿ ಅಂತಲ್ಲ, ಅಲ್ಲಿ ದೂರು ಕೊಡೋರು ಜಾಸ್ತಿ. ಬಾಸ್ಟನ್ ನಗರದಲ್ಲಿ ಸ್ಟ್ರೀಟ್ ಬಂಪ್ ಅನ್ನೋ ಆ್ಯಪ್ ತಂದರು. ಕಾರಿನಲ್ಲಿಟ್ಟ ಫೋನಿನ ಕುಲುಕಾಟದಿಂದ ರಸ್ತೆ ಗುಂಡಿ ಪತ್ತೆ ಹಚ್ಚೋದು ಅದರ ಕೆಲಸ. ಸ್ಮಾರ್ಟ್‌ಫೋನ್ ಮತ್ತು ಕಾರು ಎರಡೂ ಇರೋರ ಬೀದಿಯಲ್ಲೇ ಗುಂಡಿಗಳು ಹೆಚ್ಚು ದಾಖಲಾಗೋ ಅಪಾಯ ಇದೆ ಅಂತ ಬಹಳ ಚರ್ಚೆ ಆಯ್ತು. ನಿಮ್ಮ ಇಪ್ಪತ್ತು ಜನ ಎಲ್ಲಿ ವಾಸ ಇದ್ದಾರೆ, ಅಲ್ಲೇ ಬಿಂದುಗಳು ದಟ್ಟವಾಗುತ್ತವೆ.

ಇದಕ್ಕೆ ಪರಿಹಾರ, ಪ್ರತಿ ಬೀದಿಗೂ 'ಹೋಗಿ ನೋಡಿದೆ, ಏನೂ ಇಲ್ಲ' ಅನ್ನೋ ದಾಖಲೆ ಇರಬೇಕು. ನಕ್ಷೆಯಲ್ಲಿ ಖಾಲಿ ಜಾಗ ಅಂದ್ರೆ ಸಮಸ್ಯೆ ಇಲ್ವೋ, ಯಾರೂ ಹೋಗಿಲ್ವೋ? ಎರಡೂ ಒಂದೇ ಥರ ಕಂಡರೆ ಅಂಥ ನಕ್ಷೆ ಇಟ್ಟುಕೊಂಡು ಯಾವ ನಿರ್ಧಾರವನ್ನೂ ಮಾಡಬಾರದು. ಬಣ್ಣ ತುಂಬೋವಾಗಲೂ ಬರೀ ಸಂಖ್ಯೆಗೆ ತುಂಬಬೇಡಿ, 100 ಮೀಟರ್ ರಸ್ತೆಗೆ ಎಷ್ಟು, ನೂರು ಮನೆಗೆ ಎಷ್ಟು ಅಂತ ಭಾಗಿಸಿ.

ಮೂರನೇ_ತಿರುವು:
ಬಿಂದು ಹಾಕಿದ ನಕ್ಷೆ ಅಂದ್ರೆ ಎಲ್ಲರೂ ಲಂಡನ್ನಿನ ಕಾಲರಾ ನಕ್ಷೆಯ ಉದಾಹರಣೆ ಕೊಡ್ತಾರೆ. ಅಲ್ಲಿ ಬರೀ ಬಿಂದುಗಳೇ ಸಾಕಾಗಿತ್ತಲ್ಲ?

ಛೇದ:
ಸಾಕಾಗಿರಲಿಲ್ಲ, ಆ ಕಥೆಯನ್ನ ಅರ್ಧ ಮಾತ್ರ ಹೇಳ್ತಾರೆ. 1854ರಲ್ಲಿ ವೈದ್ಯ ಜಾನ್ ಸ್ನೋ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಸಾವುಗಳನ್ನ ಗುರುತಿಸಿದ್ದು ನಿಜ. ಅವರ ವಾದಕ್ಕೆ ಬಲ ಬಂದಿದ್ದು ನಕ್ಷೆಗೆ ಹೊಂದದ ಜಾಗಗಳಿಂದ. ಹತ್ತಿರದಲ್ಲೇ ಇದ್ದ ವರ್ಕ್‌ಹೌಸ್‌ನಲ್ಲಿ (ಬಡವರಿಗೆ ಆಶ್ರಯ ಕೊಟ್ಟು ಕೆಲಸ ಮಾಡಿಸೋ ಜಾಗ) 535 ಜನ ಇದ್ದರು, ಸತ್ತಿದ್ದು 5. ವಿಚಾರಿಸಿದರೆ ಅವರಿಗೆ ತಮ್ಮದೇ ಬಾವಿ ಇತ್ತು. ಪಕ್ಕದ ಬಿಯರ್ ಕಾರ್ಖಾನೆಯಲ್ಲಿ 70ಕ್ಕೂ ಹೆಚ್ಚು ಕೆಲಸಗಾರರು, ಕಾಲರಾದಿಂದ ಯಾರೂ ಸಾಯಲಿಲ್ಲ, ಅವರು ಆ ಪಂಪಿನ ನೀರು ಕುಡೀತಿರಲಿಲ್ಲ. ಮನೆಮನೆಗೆ ಹೋಗಿ ಕೇಳದಿದ್ದರೆ ಇದು ಗೊತ್ತಾಗ್ತಿರಲಿಲ್ಲ. ಸೆಪ್ಟೆಂಬರ್ 8ಕ್ಕೆ ಪಂಪಿನ ಹಿಡಿ ತೆಗೆಯೋ ಹೊತ್ತಿಗೆ ಕಾಯಿಲೆ ಆಗಲೇ ಇಳೀತಿತ್ತು ಅಂತ ಸ್ನೋ ತಾವೇ ಒಪ್ಪಿಕೊಂಡಿದ್ದಾರೆ. ನಕ್ಷೆಯಲ್ಲಿ ಸಾಲಿಗೆ ಸೇರದ ಬಿಂದು ಕಂಡರೆ ಅದನ್ನ ತಪ್ಪು ಅಂತ ಅಳಿಸಬೇಡಿ, ಮೊದಲು ಅಲ್ಲಿಗೇ ಹೋಗಿ ವಿಚಾರಿಸಿ.

ಗಾಲಿಗುರುತು:
ಫುಟ್‌ಪಾತ್ 'ಒಡೆದಿದೆ' ಅಂತ ಬಿಂದು ಹಾಕಿದರೆ ಗಾಲಿಕುರ್ಚಿಯಲ್ಲಿ ಹೋಗೋರಿಗೆ ಏನೂ ತಿಳಿಯಲ್ಲ. ಎರಡು ಕೂಡುರಸ್ತೆಗಳ ನಡುವಿನ ತುಂಡೊಂದಕ್ಕೆ ಒಂದು ದಾಖಲೆ ಮಾಡಿ, ಎರಡು ಬದಿಗೆ ಎರಡು. ಅತಿ ಕಿರಿದಾದ ಜಾಗದ ಅಗಲ ಎಷ್ಟು ಸೆಂ.ಮೀ. (ಸರಾಸರಿ ಅಲ್ಲ, ಅತಿ ಕಿರಿದು; 90ಕ್ಕಿಂತ ಕಡಿಮೆ ಆದರೆ ಹೋಗೋದು ಕಷ್ಟ), ಎರಡೂ ತುದಿಯಲ್ಲಿ ಅಂಚಿನ ಎತ್ತರ ಎಷ್ಟು, ಇಳಿಜಾರು ಎಷ್ಟು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಯಾರು ಬೇಕಾದರೂ ತಿದ್ದಬಹುದಾದ ಉಚಿತ ನಕ್ಷೆ) ಅಂಚಿಗೆ 'ಫ್ಲಶ್' (ರಸ್ತೆ ಮಟ್ಟಕ್ಕೇ ಇರೋದು), 'ಲೋವರ್ಡ್' (ತಗ್ಗಿಸಿದ್ದು), 'ರೈಸ್ಡ್' (ಎತ್ತರದ್ದು) ಅನ್ನೋ ಆಯ್ಕೆಗಳಿವೆ, ಲೋವರ್ಡ್ ಅಂದ್ರೆ ಸುಮಾರು 3 ಸೆಂ.ಮೀ. ವರೆಗೆ. ಇಳಿಜಾರು 12ಕ್ಕೆ 1, ಅಂದ್ರೆ ಶೇ. 8.33ಕ್ಕಿಂತ ಕಡಿದಾದ ರ‍್ಯಾಂಪ್ ಇದ್ದರೂ ಇಲ್ಲದ ಹಾಗೆ.

'ನಲ್ಲಿಯಿಂದ 400 ಮೀಟರ್ ಒಳಗೆ ಎಷ್ಟು ಮನೆ' ಅಂತ ನೋಡೋವಾಗಲೂ ವೃತ್ತ ಎಳೀಬೇಡಿ. ನಡುವೆ ಕಾಂಪೌಂಡ್ ಗೋಡೆ ಇದ್ದರೆ 100 ಮೀಟರ್ ದೂರದ ಮನೆಯವರೂ ಮುಕ್ಕಾಲು ಕಿ.ಮೀ. ಸುತ್ತಿ ಬರಬೇಕು. ಕ್ಯೂಜಿಐಎಸ್‌ನಲ್ಲಿ 'ಸರ್ವಿಸ್ ಏರಿಯಾ' ಉಪಕರಣ ದಾರಿಯ ಉದ್ದಕ್ಕೂ ಅಳೆಯುತ್ತೆ. ಗೆರೆಗಳು ಕೂಡಿರಬೇಕು ಅಂತ ನೀರುಹಾದಿಯವರು ಹೇಳಿದ್ದು ರಸ್ತೆಗೂ ಅನ್ವಯ.

ನಕ್ಷೆಪೆಟ್ಟಿಗೆ:
ಆ 400 ಹಾಕೋ ಮೊದಲು ಪದರದ ನಿರ್ದೇಶಾಂಕ ಪದ್ಧತಿ ನೋಡಿಕೊಳ್ಳಿ. ಪ್ರತಿ ಪದ್ಧತಿಗೂ ಇಪಿಎಸ್‌ಜಿ ಅನ್ನೋ ಸಂಕೇತ ಸಂಖ್ಯೆ ಇದೆ. ಫೋನಿಂದ ಬಂದದ್ದು ಇಪಿಎಸ್‌ಜಿ 4326, ಅದರ ಏಕಮಾನ ಡಿಗ್ರಿ. ಅಲ್ಲಿ 400 ಅಂತ ಕೊಟ್ಟರೆ ಭೂಮಿಯನ್ನೇ ಮುಚ್ಚೋ ವೃತ್ತ ಬರುತ್ತೆ. ವೆಬ್ ನಕ್ಷೆಗಳು ಬಳಸೋ 3857ಕ್ಕೆ ಬದಲಾಯಿಸಿದರೆ ಮೀಟರ್ ಬಂತು ಅಂತ ಖುಷಿಪಡ್ತಾರೆ, ಅದೂ ಸರಿ ಇಲ್ಲ. ಸಮಭಾಜಕದಿಂದ ದೂರ ಹೋದಷ್ಟೂ ಅದು ಉದ್ದವನ್ನ ಹಿಗ್ಗಿಸುತ್ತೆ. 15 ಡಿಗ್ರಿ ಅಕ್ಷಾಂಶದಲ್ಲಿ ಶೇ. 3.5, 60 ಡಿಗ್ರಿಯಲ್ಲಿ ಎರಡು ಪಟ್ಟು. ಭೂಮಿಯನ್ನ ಪಟ್ಟಿಗಳಾಗಿ ಭಾಗಿಸಿ ಮೀಟರಲ್ಲಿ ಅಳೆಯೋ ಪದ್ಧತಿ ಯುಟಿಎಂ. ನಿಮ್ಮ ಜಾಗದ ಯುಟಿಎಂ ವಲಯ ಹುಡುಕಿ ಅದಕ್ಕೆ ಬದಲಾಯಿಸಿ ಅಳೆಯಿರಿ.

ಕಂಬಸಂಖ್ಯೆ:
ಜೊತೆಗೆ ದಶಮಾಂಶ. ಎಕ್ಸೆಲ್‌ನಲ್ಲಿ ಕಾಲಂ ಎರಡು ದಶಮಾಂಶಕ್ಕೆ ಹೊಂದಿಸಿದ್ದು ಸಿಎಸ್‌ವಿಗೆ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯ ಕಡತ) ಉಳಿಸಿದರೆ ಕಂಡಷ್ಟೇ ಉಳಿಯುತ್ತೆ. ಎರಡನೇ ದಶಮಾಂಶ ಅಂದ್ರೆ 1.1 ಕಿ.ಮೀ., ಇಡೀ ಬಡಾವಣೆ ಬೆರಳೆಣಿಕೆಯ ಬಿಂದುಗಳ ಮೇಲೆ ಗುಡ್ಡೆ ಬೀಳುತ್ತೆ. ಐದನೇ ದಶಮಾಂಶ ಸುಮಾರು 1.1 ಮೀಟರ್, ಆರು ಇಟ್ಟುಕೊಳ್ಳಿ. ಖಾಲಿ ಕೋಶ ಸೊನ್ನೆ ಆದರೆ ಬಿಂದು ಆಫ್ರಿಕಾದ ಪಶ್ಚಿಮಕ್ಕೆ ಸಮುದ್ರದಲ್ಲಿ ಬೀಳುತ್ತೆ. ಅಕ್ಷಾಂಶ ರೇಖಾಂಶ ಅದಲುಬದಲಾದರೂ ಹೀಗೇ ದೂರ ಹೋಗುತ್ತೆ. ಜಿಯೋಜೇಸನ್ ಅನ್ನೋ ನಕ್ಷೆ ಕಡತದ ರೂಪದಲ್ಲಿ ರೇಖಾಂಶ ಮೊದಲು, ಮಾತಲ್ಲಿ ನಾವು ಅಕ್ಷಾಂಶ ಮೊದಲು ಹೇಳೋದು, ಅಲ್ಲೇ ಎಡವಟ್ಟು.

ಅಕ್ಷರಮೂಲ:
ರಸ್ತೆ ಹೆಸರು ಕನ್ನಡದಲ್ಲಿ ಸೇರಿಸ್ತೀರಿ ತಾನೇ? ಹಾಗಾದ್ರೆ ಇದನ್ನೂ ನೋಡಿಕೊಳ್ಳಿ. ಸಿಎಸ್‌ವಿಯನ್ನ ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಅರ್ಥವಿಲ್ಲದ ಚಿಹ್ನೆ ಆಗುತ್ತೆ, ಅದನ್ನೇ ಉಳಿಸಿದರೆ ಶಾಶ್ವತವಾಗಿ ಹೋಯ್ತು. ಡೇಟಾ ಟ್ಯಾಬಿನಿಂದ ಆಮದು ಮಾಡಿ, ಎನ್‌ಕೋಡಿಂಗ್ 65001 (ಯುಟಿಎಫ್-8) ಆರಿಸಿ. ಹಳೆಯ ಕಡತಗಳು ನುಡಿ, ಬರಹ ಫಾಂಟಿನ ಆಸ್ಕಿ ಪಠ್ಯದಲ್ಲಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು.

'ಕೋ' ಥರದ ಅಕ್ಷರಗಳ 'ಓ' ಸ್ವರಚಿಹ್ನೆಯನ್ನ ಒಂದೇ ಸಂಕೇತವಾಗಿಯೂ ಬರೀಬಹುದು, ಮೂರು ತುಂಡು ಸೇರಿಸಿಯೂ ಬರೀಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಎರಡು ಪಟ್ಟಿಯನ್ನ ಹೆಸರಿನ ಮೇಲೆ ಜೋಡಿಸೋವಾಗ ಅರ್ಧ ಸಾಲು ಕೂಡದೇ ಹೋಗೋದಕ್ಕೆ ಇದೊಂದು ಕಾರಣ. ತುಂಡುಗಳನ್ನ ಒಂದೇ ಸಂಕೇತಕ್ಕೆ ಕೂಡಿಸೋ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡು ಆಮೇಲೆ ಜೋಡಿಸಿ. ಅಕ್ಷರ ಕೂಡಿಸೋಕೆ, ಬಿಡಿಸೋಕೆ ಬಳಸೋ, ಕಣ್ಣಿಗೆ ಕಾಣದ ಜೋಡಕ ಸಂಕೇತಗಳು ಪದದ ಕೊನೆಯಲ್ಲಿ ಉಳಿದಿರುತ್ತವೆ, ಅವನ್ನೂ ತೆಗೆಯಿರಿ.

ದಾರಿಹೋಕ:
ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ 'ನೇಮ್' ಟ್ಯಾಗ್ (ವಸ್ತುವಿನ ಒಂದೊಂದು ವಿವರ ಬರೆಯೋ ಜಾಗ) ಅಂದ್ರೆ ಸ್ಥಳದಲ್ಲಿ ನಿಜಕ್ಕೂ ಬಳಕೆಯಲ್ಲಿರೋ ಹೆಸರು, ಕನ್ನಡ ರೂಪಕ್ಕೆ 'ನೇಮ್:ಕೆಎನ್' ಅಂತ ಬೇರೆ ಟ್ಯಾಗ್ ಇದೆ. ಬೋರ್ಡಿನಲ್ಲಿ ಹೇಗಿದೆಯೋ ಹಾಗೇ ಬರೀರಿ.

ಅಕ್ಷರಮೂಲ:
ಬೋರ್ಡಿನಲ್ಲೇ ಕಾಗುಣಿತ ತಪ್ಪಿದ್ದರೆ?

ದಾರಿಹೋಕ:
ಅದೇ ಬೀದಿಯ ನಾಲ್ಕು ಬೋರ್ಡ್ ನೋಡಿ. ಮೂರರಲ್ಲಿ ಸರಿ ಇದ್ದರೆ ಸರಿಯಾದದ್ದು ಬರೀರಿ, ಜನ ಹುಡುಕೋ ಇನ್ನೊಂದು ರೂಪವನ್ನ 'ಆಲ್ಟ್ ನೇಮ್'ಗೆ ಹಾಕಿ.

ಮೂರನೇ_ತಿರುವು:
ಹಾಗಾದ್ರೆ ಎಲ್ಲಾನೂ ಓಪನ್‌ಸ್ಟ್ರೀಟ್‌ಮ್ಯಾಪ್‌ಗೇ ಹಾಕಿಬಿಡಬಹುದಾ? ಬೇರೆ ಶೀಟ್ ಯಾಕೆ ಇಟ್ಕೋಬೇಕು?

ದಾರಿಹೋಕ:
ಎಲ್ಲಾನೂ ಹಾಕೋ ಹಾಗಿಲ್ಲ. ಅಲ್ಲಿಗೆ ಸೇರೋದು ಬೇಗ ಬದಲಾಗದ, ಇನ್ನೊಬ್ಬರು ಹೋಗಿ ಪರೀಕ್ಷಿಸಬಹುದಾದ ವಸ್ತು: ಕಂಬ, ನಲ್ಲಿ, ಚರಂಡಿ ಗೆರೆ, ಫುಟ್‌ಪಾತ್ ಅಗಲ. 'ಇವತ್ತು ದೀಪ ಕೆಟ್ಟಿದೆ', 'ಇಲ್ಲಿ ಕಸ ಬಿದ್ದಿದೆ' ಅಲ್ಲಿಗಲ್ಲ. ಅದು ನಿಮ್ಮ ಕೋಷ್ಟಕದಲ್ಲಿ ತಾರೀಖಿನ ಜೊತೆ ಇರಲಿ. ಎರಡನ್ನೂ ಜೋಡಿಸೋಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಐಡಿ ನೆಚ್ಚಿಕೊಳ್ಳಬೇಡಿ. ಯಾರೋ ಒಂದು ಗೆರೆಯನ್ನ ಎರಡಾಗಿ ಕತ್ತರಿಸಿದರೆ, ಬಿಂದು ಅಳಿಸಿ ಹೊಸದು ಹಾಕಿದರೆ ಐಡಿ ಬದಲಾಗುತ್ತೆ. 'ರೆಫ್' ಟ್ಯಾಗಿನಲ್ಲಿ ಕಂಬದ ಮೇಲೆ ನಿಜಕ್ಕೂ ಬರೆದಿರೋ ಸಂಖ್ಯೆ ಹಾಕಿ, ಅದರ ಮೇಲೆ ಜೋಡಿಸಿ.

ಬೇರೆ ವಾಣಿಜ್ಯ ನಕ್ಷೆ ನೋಡಿಕೊಂಡು ಅಲ್ಲಿಗೆ ನಕಲು ಮಾಡಬಾರದು, ಪರವಾನಗಿ ಒಪ್ಪಲ್ಲ. ಆರುನೂರು ಕಂಬವನ್ನ ಒಂದೇ ಸಲ ಸುರಿಯೋ ಮುಂಚೆ ಅಲ್ಲಿನ ನಕ್ಷೆಗಾರರ ಜೊತೆ ಚರ್ಚಿಸಿ, ಇಲ್ಲದಿದ್ರೆ ತೆಗೆದು ಹಾಕ್ತಾರೆ. ಇಪ್ಪತ್ತು ಜನ ಸೇರಿ ಮಾಡೋದು ಸಂಘಟಿತ ಕೆಲಸ, ಅದಕ್ಕೆ ಬೇರೆ ಮಾರ್ಗಸೂಚಿ ಇದೆ. ಯಾರು, ಏನು, ಯಾಕೆ ಅಂತ ಒಂದು ಪುಟ ಬರೆದು ಪ್ರತಿ ತಿದ್ದುಪಡಿಯ ಟಿಪ್ಪಣಿಗೂ ಒಂದೇ ಹ್ಯಾಶ್‌ಟ್ಯಾಗ್ ಹಾಕಬೇಕು.

ಮಬ್ಬುಪದರ:
ಗೌಪ್ಯತೆಯ ವಿಷಯವನ್ನ ಡ್ರೋನ್ ಮಾತಿಗೇ ಮುಗಿಸಿಬಿಟ್ರಿ. ಫೋಟೋದಲ್ಲಿ ಮುಖ, ವಾಹನದ ಸಂಖ್ಯೆ ಬಂದಿರುತ್ತೆ, ಕಡತದೊಳಗೆ ತೆಗೆದ ಜಾಗ, ಸಮಯ ಅಡಗಿರುತ್ತೆ. ಪ್ರಕಟಿಸೋ ಮುಂಚೆ ಎರಡನ್ನೂ ಅಳಿಸಬೇಕು. 'ಒಬ್ಬಂಟಿ ಹಿರಿಯರು ಇರೋ ಮನೆ', 'ನೀರು ಬರದ ಮನೆ' ಅಂತ ಮನೆಮಟ್ಟದ ಪದರ ಮಾಡಲೇಬೇಡಿ. ಬೇಕೇಬೇಕು ಅಂದ್ರೆ ಬೀದಿಗೆ ಒಟ್ಟು ಮಾಡಿ, 5ಕ್ಕಿಂತ ಕಡಿಮೆ ಇದ್ದರೆ ಸಂಖ್ಯೆ ಮುಚ್ಚಿ. ಹೆಸರಿಲ್ಲದಿದ್ದರೂ ಜಾಗವೇ ಗುರುತು ಹೇಳುತ್ತೆ. 2018ರಲ್ಲಿ ಸ್ಟ್ರಾವಾ ಅನ್ನೋ ವ್ಯಾಯಾಮದ ಆ್ಯಪ್‌ನ ಓಟದ ನಕ್ಷೆಯಲ್ಲಿ ಸೇನಾ ನೆಲೆಗಳ ಒಳದಾರಿಗಳೇ ಹೊಳೆದು ಕಂಡವು, ಅಲ್ಲೂ ಯಾರ ಹೆಸರೂ ಇರಲಿಲ್ಲ.

ಕತ್ತಲ ಬೀದಿಗಳ ನಕ್ಷೆಯನ್ನ ಸಾರ್ವಜನಿಕವಾಗಿ ಹಾಕೋದಕ್ಕೂ ನನ್ನ ವಿರೋಧ ಇದೆ.

ಕಂಬಸಂಖ್ಯೆ:
ಇದಕ್ಕೆ ಒಪ್ಪಲ್ಲ. ದೀಪ ಇಲ್ಲದ್ದು ಅಲ್ಲಿ ಓಡಾಡೋ ಎಲ್ಲರಿಗೂ ಗೊತ್ತು, ಗೊತ್ತಿಲ್ಲದೇ ಇರೋದು ದುರಸ್ತಿ ಮಾಡಬೇಕಾದವರಿಗೆ. ಮುಚ್ಚಿಟ್ಟರೆ ಒತ್ತಡ ಎಲ್ಲಿಂದ ಬರುತ್ತೆ?

ಮಬ್ಬುಪದರ:
ದುರಸ್ತಿ ಮಾಡೋರಿಗೆ ಪೂರ್ತಿ ಪಟ್ಟಿ ಕೊಡಿ, ಬೇಡ ಅನ್ನಲ್ಲ. ಎಲ್ಲರಿಗೂ ಕಾಣೋ ನಕ್ಷೆಯಲ್ಲಿ 'ಈ ಬೀದಿಯಲ್ಲಿ 14ರಲ್ಲಿ 9 ಉರೀತಿಲ್ಲ, ದೂರು ಕೊಟ್ಟು 21 ದಿನ ಆಯ್ತು' ಅಂತ ಹಾಕಿದರೆ ಒತ್ತಡಕ್ಕೆ ಅಷ್ಟು ಸಾಕು.

ಕಂಬಸಂಖ್ಯೆ:
ದೂರಿನ ದಿನಗಳ ಲೆಕ್ಕ ಸೇರಿಸೋದು ಒಳ್ಳೆಯದು, ಒಪ್ಪಿದೆ. ಕಂಬಕಂಬಕ್ಕೂ ತೋರಿಸಬೇಕು ಅನ್ನೋ ಮಾತಿಗೆ ಮಾತ್ರ ಈಗಲೂ ಬದ್ಧ.

ಮೂರನೇ_ತಿರುವು:
ಯೋಜನೆ ಬದಲಾಯಿಸಿದ್ವಿ. ಮೊದಲ ಹಂತದಲ್ಲಿ ಕಂಬ ಮತ್ತು ಫುಟ್‌ಪಾತ್ ಮಾತ್ರ. ಡ್ರೋನ್, ಸೆನ್ಸರ್ ಬಿಟ್ಟೆವು, ಕಸ ಸದ್ಯಕ್ಕಿಲ್ಲ, ಚರಂಡಿ ಮಳೆ ಬಂದಾಗ ಕಾಗದದ ಮೇಲೆ. ಎಷ್ಟು ಸಮಯ ಹಿಡಿಯಬಹುದು?

ನಕ್ಷೆಪೆಟ್ಟಿಗೆ:
ಇಬ್ಬಿಬ್ಬರ ಹತ್ತು ಜೋಡಿ ಮಾಡಿ, ಒಬ್ಬರ ಕಣ್ಣು ಫೋನಿನ ಮೇಲೆ, ಇನ್ನೊಬ್ಬರದು ರಸ್ತೆ ಮೇಲೆ. 20 ಕಿ.ಮೀ. ರಸ್ತೆ ಇದ್ದು 30 ಮೀಟರಿಗೆ ಒಂದು ಕಂಬ ಅಂದ್ರೆ ಸುಮಾರು 670. ಫೋಟೋ ಸೇರಿ ಒಂದಕ್ಕೆ 2 ನಿಮಿಷ ಹಿಡಿದರೆ 22 ಗಂಟೆ, ಹತ್ತು ಜೋಡಿಗೆ ಹಂಚಿದರೆ ತಲಾ ಎರಡೂಕಾಲು ಗಂಟೆ. ಒಂದು ಬೆಳಗ್ಗೆ ಸಾಕು. ಫುಟ್‌ಪಾತಿಗೆ ಟೇಪ್ ಹಿಡಿದು ಅಳೀಬೇಕು, ಮೂರು ಪಟ್ಟು ಸಮಯ ಇಟ್ಟುಕೊಳ್ಳಿ. ಅದಕ್ಕೂ ಮೊದಲು ಒಂದೇ ಬೀದಿಯನ್ನ ಎರಡು ಜೋಡಿ ಬೇರೆ ಬೇರೆಯಾಗಿ ಸರ್ವೇ ಮಾಡಲಿ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ಎಲ್ಲಿ ಉತ್ತರ ಬೇರೆ ಬಂತೋ ಆ ಪ್ರಶ್ನೆ ತಿದ್ದಿ. ಶನಿವಾರ ಮಧ್ಯಾಹ್ನ ಫಾರ್ಮ್ ಬದಲಾಯಿಸಿದರೆ ಅರ್ಧ ಫೋನುಗಳಲ್ಲಿ ಹಳೆಯದೇ ಉಳಿಯುತ್ತೆ. ಎಲ್ಲಾ ಮುಗಿದಮೇಲೆ ಹತ್ತರಲ್ಲಿ ಒಂದನ್ನ ಚೀಟಿ ಎತ್ತಿ ಆರಿಸಿ, ಬೇರೆಯವರು ಹೋಗಿ ಮತ್ತೆ ನೋಡಲಿ.

ಗಾಲಿಗುರುತು:
ಆರು ತಿಂಗಳಾದ ಮೇಲೆ ಯಾರು ತಿದ್ದುತ್ತಾರೆ ಅನ್ನೋದನ್ನ ಈಗಲೇ ಬರೆದಿಡಿ. ಪ್ರತಿ ಸಾಲಿಗೂ 'ಕೊನೆಯ ಸಲ ನೋಡಿದ ದಿನ' ಕಾಲಂ ಇರಲಿ, ನಕ್ಷೆಯಲ್ಲಿ ಹಳೆಯದು ಮಸುಕಾಗಿ ಕಾಣಲಿ. ಸರಿ ಆಗಿರೋ ರ‍್ಯಾಂಪನ್ನ ಒಡೆದಿದೆ ಅಂತ ತೋರಿಸಿದರೆ ಜನ ಸುಮ್ಮನೆ ಸುತ್ತು ಹಾಕ್ತಾರೆ, ಒಡೆದದ್ದನ್ನ ಸರಿ ಇದೆ ಅಂತ ತೋರಿಸಿದರೆ ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ತಾರೆ.

ಮೂರನೇ_ತಿರುವು:
ಬರೆದಿಟ್ಟುಕೊಂಡೆ. ಕೊನೇ ಪ್ರಶ್ನೆ: ಮಳೆಗಾಲದ ಕಾಗದದ ನಕ್ಷೆ ಯಾವ ಅಳತೆಗೆ ಮುದ್ರಿಸಬೇಕು? ಒಮ್ಮೆ ಪಿಡಿಎಫ್ ಮಾಡಿ ನೋಡಿದ್ರೆ ಕನ್ನಡದ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ.

ನೀರುಹಾದಿ:
ಎ3 ಹಾಳಿ, 1:1000. ಒಂದು ಸೆಂ.ಮೀ. ಅಂದ್ರ 10 ಮೀಟರ್, ಬರೆಯಾಕ ಜಾಗ ಸಿಗ್ತದ. ಅಂಚು ಬಿಟ್ಟು ಒಂದು ಹಾಳಿಗೆ 400 × 277 ಮೀಟರ್ ಹಿಡಿಸ್ತದ, ನಿಮ್ಮ ಬಡಾವಣಿಗೆ ನಾಲ್ಕು ನಾಲ್ಕಲ 16 ಹಾಳಿ. ಕ್ಯೂಜಿಐಎಸ್‌ನಾಗ ಯುಟಿಎಂ ಪದರದ ಮ್ಯಾಲ 'ಕ್ರಿಯೇಟ್ ಗ್ರಿಡ್' ಕೊಟ್ಟು ಅದೇ ಅಳತಿ ಚೌಕ ಮಾಡ್ರಿ, ಪ್ರಿಂಟ್ ಲೇಔಟ್‌ನಾಗ ಆ ಗ್ರಿಡ್ ಅನ್ನ ಅಟ್ಲಾಸ್‌ಗೆ (ಚೌಕಕ್ಕೊಂದು ಹಾಳಿ ಮಾಡೋ ಸೌಲಭ್ಯ) ಕೊಟ್ರ ಹದಿನಾರೂ ಹಾಳಿ ತಾನ ಬರ್ತಾವ. ಪೆನ್ಸಿಲ್ ಒಯ್ರಿ, ಮಳ್ಯಾಗ ಪೆನ್ನಿನ ಶಾಯಿ ಹರಡ್ತದ.

ಅಕ್ಷರಮೂಲ:
ಒತ್ತಕ್ಷರಕ್ಕೆ: ಪಿಡಿಎಫ್ ರಫ್ತು ಮಾಡೋವಾಗ ಪಠ್ಯ ರಫ್ತಿನ ಆಯ್ಕೆಯಲ್ಲಿ 'ಪಾತ್ಸ್' ಅನ್ನೋದನ್ನೇ ಇಡಿ, 'ಟೆಕ್ಸ್ಟ್ ಆಬ್ಜೆಕ್ಟ್ಸ್' ಬೇಡ. ಅಕ್ಷರಗಳು ಚಿತ್ರರೂಪದ ಗೆರೆಗಳಾಗಿ ಹೋಗೋದ್ರಿಂದ ಒತ್ತು ಜಾಗ ಬಿಡಲ್ಲ. ಫಾಂಟ್ ನೋಟೋ ಸಾನ್ಸ್ ಕನ್ನಡ ಹಾಕಿ, 8 ಪಾಯಿಂಟ್‌ಗಿಂತ ಚಿಕ್ಕದು ಬೇಡ, ಒತ್ತಕ್ಷರ ಓದೋಕಾಗಲ್ಲ.

ಮೂರನೇ_ತಿರುವು:
'ಪಾತ್ಸ್' ಇಟ್ಟು ನೋಡಿದೆ, ಒತ್ತಕ್ಷರ ಎಲ್ಲಾ ಸರಿಯಾಗಿ ಕೂತಿವೆ. ಹಾಳೆ ಏಳು ಮತ್ತು ಎಂಟರ ನಡುವಿನ ಬೀದಿ ಅರ್ಧ ಅರ್ಧ ಕತ್ತರಿಸಿದೆ, ಅದೊಂದು ಉಳಿದಿದೆ.

ನೀರುಹಾದಿ:
ಗ್ರಿಡ್ ಮಾಡುವಾಗ ಓವರ್‌ಲೇ (ಪಕ್ಕದ ಚೌಕದ ಮ್ಯಾಲ ಬರೋ ಭಾಗ) 20 ಮೀಟರ್ ಕೊಡ್ರಿ, ಬೀದಿ ಎರಡೂ ಹಾಳ್ಯಾಗ ಬರ್ತದ. ಚೌಕದ ಅಳತಿ ಹಂಗ ಇರಲಿ, ಹಾಳಿ ಒಂದೆರಡು ಹೆಚ್ಚಾದ್ರೂ ಆಗಲಿ.